ನಮ್ಮ ಯಜಮಾನರ ವರ್ಸೇಲ್ಸ್ ಒಪ್ಪಂದ

ಅರಮನೆ ನೋಡಲು ಹೋಗುವವರಲ್ಲಿ ಎರಡು ಪಂಗಡ. ಅಲ್ಲಿಗೆ ಹೋಗಿ ನೋಡುವವರು ಒಂದು, ಹೋಗುವುದಕ್ಕೆ ಮುಂಚೆಯೇ ನೋಡಿ ಮುಗಿಸುವವರು ಇನ್ನೊಂದು. ನಮ್ಮ ಯಜಮಾನರು ಎರಡನೆಯ ಪಂಗಡ, ಅದರಲ್ಲೂ ಕಡುಮಡಿಯವರು. ಇನ್ನೂ ವೀಸಾ ಕೈಗೆ ಬಂದಿಲ್ಲ, ವಿಮಾನದ ಟಿಕೆಟ್ ಆಗಿಲ್ಲ, ಆಗಲೇ ಫ್ರಾನ್ಸಿನ ವರ್ಸೇಲ್ಸ್ ಅರಮನೆಯಲ್ಲಿ ಶೌಚಾಲಯ ಯಾವ ಬಾಗಿಲಿನ ಪಕ್ಕದಲ್ಲಿದೆ ಅಂತ ಅವರಿಗೆ ಬಾಯಿಪಾಠ. ಸ್ವಂತ ಮನೆಯಲ್ಲಿ ಟವೆಲ್ ಎಲ್ಲಿದೆ ಅನ್ನುವುದನ್ನು ಮಾತ್ರ ದಿನಾ ಕೂಗಿ ಕೇಳುತ್ತಾರೆ.

ಅವರದೇನೂ ತಪ್ಪಿಲ್ಲ ಬಿಡಿ. ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿ ಸರ್ವೀಸಿನುದ್ದಕ್ಕೂ ಪ್ರೊಡಕ್ಷನ್ ಪ್ಲಾನಿಂಗ್ ನೋಡಿಕೊಂಡವರು. 1948ರಿಂದ ದೇಶಕ್ಕೆಲ್ಲ ಟೆಲಿಫೋನು ಮಾಡಿ ಕಳಿಸಿದ ಕಾರ್ಖಾನೆ. ಯಾವ ವಾರ ಯಾವ ಬಿಡಿಭಾಗ ಎಷ್ಟು ಬೇಕು ಅಂತ ಚಾರ್ಟು ಬರೆದು ಬರೆದು ಕೈ ಪಳಗಿತ್ತು. ನಿವೃತ್ತಿಯ ದಿನ ಶಾಲು, ಹಾರ, ಗೋಡೆ ಗಡಿಯಾರ ಎಲ್ಲ ಕೊಟ್ಟು ಕಳಿಸಿದರು. ಪ್ಲಾನಿಂಗನ್ನಾದರೂ ಅಲ್ಲೇ ಇಟ್ಟುಕೊಳ್ಳಬಾರದಿತ್ತೇ? ಅದೂ ಅವರ ಹಿಂದೆಯೇ ಗರುಡಾಚಾರ್‌ಪಾಳ್ಯಕ್ಕೆ ಬಂತು. ಗ್ಯಾಸ್ ಸಿಲಿಂಡರ್ ಯಾವತ್ತು ಮುಗಿಯುತ್ತೆ, ತೊಗರಿಬೇಳೆ ಎಷ್ಟು ದಿನಕ್ಕೆ ಬರುತ್ತೆ ಅನ್ನುವುದಕ್ಕೆಲ್ಲ ಈಗ ಲ್ಯಾಪ್‌ಟಾಪಿನಲ್ಲಿ ಒಂದೊಂದು ಶೀಟು. ಬೇಳೆ ಶೀಟಿನ ಪ್ರಕಾರ ಮುಗಿಯದೆ ಹೋದರೆ ಸಾರು ತೆಳ್ಳಗಾಗಿದೆ ಅಂತ ನನ್ನ ಮೇಲೇ ಅನುಮಾನ.

ಇಲ್ಲಿ ಇನ್ನೊಂದು ಮಾತು ಹೇಳಬೇಕು. ಗರುಡಾಚಾರ್‌ಪಾಳ್ಯದಲ್ಲಿ ಬಹಳ ವರ್ಷ ಇದ್ದವರು ಯಾರೇ ಆಗಲಿ, ಐಟಿಐಯಲ್ಲಿ ಕೆಲಸ ಮಾಡದಿದ್ದರೂ ಪ್ಲಾನಿಂಗ್ ಕಲಿತೇ ಇರುತ್ತಾರೆ. ಮೆಟ್ರೋ ಬರುವ ಮುಂಚೆ ನಾವು ಒಂದು ಮದುವೆಗೆ ಹೋಗಬೇಕಾದರೆ ಮುಹೂರ್ತ ಎಷ್ಟು ಹೊತ್ತಿಗೆ ಅಂತ ಕೇಳುತ್ತಿರಲಿಲ್ಲ. ಟಿನ್ ಫ್ಯಾಕ್ಟರಿ ಎಷ್ಟು ಹೊತ್ತಿಗೆ ದಾಟುತ್ತೀವಿ ಅಂತ ಲೆಕ್ಕ ಹಾಕುತ್ತಿದ್ದೆವು. ಧಾರೆಗೆ ಹೊರಟು ಬೀಗರೂಟಕ್ಕೆ ತಲುಪಿದವರನ್ನು ನಾನು ಬಲ್ಲೆ. ಕಡೆಗೆ 2023ರ ಮಾರ್ಚ್ 25ಕ್ಕೆ ವೈಟ್‌ಫೀಲ್ಡಿನಿಂದ ಕೆ.ಆರ್. ಪುರದವರೆಗೆ ಮೆಟ್ರೋ ಬಂತು. ಬಂತು ಅಂತ ಖುಷಿಪಡುವಷ್ಟರಲ್ಲಿ ಕೆ.ಆರ್. ಪುರದಿಂದ ಬೈಯಪ್ಪನಹಳ್ಳಿಯವರೆಗಿನ ತುಂಡು ಬಾಕಿ. ಅಂದರೆ ಎಲ್ಲ ಕಡೆ ರೈಲು, ಟಿನ್ ಫ್ಯಾಕ್ಟರಿ ಹತ್ತಿರ ಮಾತ್ರ ಇಳಿದು ಬಸ್ಸು! ಆ ತುಂಡು ಸೇರಿಕೊಂಡದ್ದು ಅಕ್ಟೋಬರ್ 9ಕ್ಕೆ. ಅವತ್ತಿನಿಂದ ನಮ್ಮ ಪಾಳ್ಯ ಬೆಂಗಳೂರಿಗೆ ಸೇರಿತು ಅಂತ ನನ್ನ ಅಭಿಪ್ರಾಯ. ಕಂದಾಯದ ದಾಖಲೆಯಲ್ಲಿ ಏನಾದರೂ ಬರೆದುಕೊಳ್ಳಲಿ.

ಈಗ ವರ್ಸೇಲ್ಸ್ ಎಲ್ಲಿಂದ ಬಂತು ಅಂತ ಕೇಳಿ. ಮಗಳು, ಅಳಿಯ ಪ್ಯಾರಿಸ್‌ನಲ್ಲಿದ್ದಾರೆ. ಮಗಳಿಗೆ ಈಗ ದಿನ ತುಂಬುತ್ತಿದೆ. ಬಾಣಂತನಕ್ಕೆ ನಾನು ಹೋಗಲೇಬೇಕು. ನಾನು ಹೊರಟರೆ ಇವರಿಗೆ ಇಲ್ಲಿ ಟವೆಲ್ ಕೊಡುವವರಿಲ್ಲ, ಆದ್ದರಿಂದ ಇವರೂ ಹೊರಡಲೇಬೇಕು. ಅಲ್ಲಿಯ ವೀಸಾದಲ್ಲಿ ಸಿಗುವುದು ಹೆಚ್ಚೆಂದರೆ 90 ದಿನ. ಅದರಲ್ಲಿ ಎಣ್ಣೆನೀರು, ಸಾಂಬ್ರಾಣಿ, ಮೆಂತ್ಯದ ಗಂಜಿ, ರಾತ್ರಿ ಎದ್ದು ಮಗು ತೂಗುವುದು ಇಷ್ಟರಲ್ಲೇ ನನ್ನ ಪಾಲಿನ ದಿನಗಳೆಲ್ಲ ಮುಗಿದುಹೋಗುತ್ತವೆ. ತುಪ್ಪದ ಡಬ್ಬಿ ಸೂಟ್‌ಕೇಸಿನಲ್ಲಿ ಒಯ್ಯುವ ಹಾಗಿಲ್ಲವಂತೆ. ಹಾಲು, ಮಾಂಸದ ಪದಾರ್ಥ ಯುರೋಪಿನ ಒಕ್ಕೂಟದೊಳಗೆ ಹೊರಗಿನಿಂದ ತರಬಾರದು ಅಂತ ಕಾನೂನು. ಬಾಣಂತಿಗೆ ತುಪ್ಪ ಬೇಡ ಅನ್ನುವ ಕಾನೂನು ಮಾಡಿದವರನ್ನು ಯಾರು ಸಾಕಿದರೋ! ಇರಲಿ. ‘ಅಮ್ಮ, ನೀನು ಬಂದು ಬರೀ ಅಡುಗೆಮನೆ ನೋಡಿ ಹೋಗಬಾರದು. ಒಂದು ದಿನವಾದರೂ ಅಪ್ಪನ ಜೊತೆ ಎಲ್ಲಾದರೂ ಹೋಗಿ ಬಾ’ ಅಂದಳು ಮಗಳು. ಒಂದು ದಿನ ಅಂದಳು, ಅಷ್ಟೇ. ಇವರಿಗೆ ಅಷ್ಟು ಸಾಕಾಯಿತು.

ಐಫೆಲ್ ಗೋಪುರ ಬೇಡವಂತೆ, ಅದು ದೂರದಿಂದಲೇ ಕಾಣುತ್ತೆ, ಕತ್ತೆತ್ತಿದರೆ ಮುಗಿಯಿತು. ಲೂವ್ರ್ ಬೇಡವಂತೆ, ಮೊನಾಲಿಸಾಗಿಂತ ಅವಳ ಮುಂದೆ ನಿಂತವರ ತಲೆ ಜಾಸ್ತಿ ಕಾಣುತ್ತೆ. ‘ವರ್ಸೇಲ್ಸ್’ ಅಂದರು. ಯಾಕೆ ಅಂದೆ. ‘ಎಸ್ಸೆಸ್ಸೆಲ್ಸಿಯಲ್ಲಿ ವರ್ಸೇಲ್ಸ್ ಒಪ್ಪಂದದ ಷರತ್ತುಗಳು ಅಂತ ಪ್ರಶ್ನೆ ಬಂದಿತ್ತು, ಪೂರ್ತಿ ಬರೆದಿದ್ದೆ’ ಅಂದರು.

ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ ನಿವೃತ್ತಳಾದವಳು. ಆ ಒಪ್ಪಂದವನ್ನು ಎಷ್ಟು ಬ್ಯಾಚಿಗೆ ಅರೆದು ಕುಡಿಸಿದ್ದೇನೋ. 1919ರ ಜೂನ್ 28, ಕನ್ನಡಿ ಸಭಾಂಗಣ, ಸೋತ ಜರ್ಮನಿ. ಅಲ್ಲಿ ಭಾರತದ ಪರವಾಗಿ ಬಿಕಾನೇರಿನ ಮಹಾರಾಜ ಗಂಗಾಸಿಂಗರೂ ಸಹಿ ಹಾಕಿದ್ದರು ಅಂತ ಹೇಳಿದರೆ ಮಕ್ಕಳು ಕಿವಿ ನಿಮಿರಿಸುತ್ತಿದ್ದರು. ಆದರೆ ಅದೇ ಸಭಾಂಗಣದಲ್ಲಿ 1871ರಲ್ಲಿ ಜರ್ಮನಿಯವರು ಫ್ರಾನ್ಸನ್ನು ಸೋಲಿಸಿ ತಮ್ಮ ಸಾಮ್ರಾಜ್ಯ ಘೋಷಿಸಿಕೊಂಡಿದ್ದರು. ಆ ಸೇಡಿಗೇ ಫ್ರೆಂಚರು ಅಲ್ಲೇ ಕೂರಿಸಿ ಸಹಿ ಹಾಕಿಸಿದ್ದು ಅಂದರೆ ಅದನ್ನು ಯಾರೂ ಪರೀಕ್ಷೆಯಲ್ಲಿ ಬರೆಯುತ್ತಿರಲಿಲ್ಲ. ಇವರಂತೂ ಮದುವೆಯಾದ ಮೇಲೆ ನಾನು ಹೇಳಿದ ಯಾವುದನ್ನೂ ಎಲ್ಲೂ ಬರೆದುಕೊಂಡಿಲ್ಲ.

ಸರಿ, ಶೀಟು ತಯಾರಾಯಿತು. ಬೆಳಿಗ್ಗೆ ಐದೂವರೆಗೆ ಏಳುವುದು, ಐದೂ ಮುಕ್ಕಾಲಿಗೆ ಕಾಫಿ, ಆರಕ್ಕೆ ಸ್ನಾನ, ಅದರ ಮುಂದೆ ‘ಇವಳು ಸೀರೆ ಉಡುವುದು: 25 ನಿಮಿಷ (ವಿಳಂಬಕ್ಕೆ ಅವಕಾಶ: 20)’ ಅಂತ ಒಂದು ಸಾಲು. ಪ್ರಯಾಣದ ದಿನ ಸೋಮವಾರ. ‘ಸೋಮವಾರ ಎಲ್ಲರೂ ಆಫೀಸಿಗೆ ಹೋಗಿರ್ತಾರೆ, ಜನ ಕಮ್ಮಿ’ ಅಂತ ಮೀಸೆ ಇಲ್ಲದಿದ್ದರೂ ಮೀಸೆ ತಿರುವಿದರು. ವಿಡಿಯೋ ಕಾಲ್‌ನಲ್ಲಿ ಶೀಟನ್ನು ಮಗಳಿಗೆ ತೋರಿಸಿದರು. ಆ ಹುಡುಗಿ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು. ನನಗೆ ಗಾಬರಿ, ಎಲ್ಲಿ ಅಲ್ಲೇ ನೋವು ಶುರುವಾಯಿತೋ ಅಂತ. ‘ಅಪ್ಪಾ, ಸೋಮವಾರ ಅರಮನೆಗೆ ರಜಾ!’

ಹಾಗಾದರೆ ಮಂಗಳವಾರ ಅಂದರು. ಮಂಗಳವಾರ ಲೂವ್ರ್‌ಗೆ ರಜಾ, ಅಲ್ಲಿಗೆ ಹೋಗಬೇಕಾದವರೆಲ್ಲ ವರ್ಸೇಲ್ಸಿಗೆ ನುಗ್ಗುತ್ತಾರೆ ಅಂದಳು ಅವಳು. ಶನಿವಾರ ಭಾನುವಾರ ಕಾರಂಜಿ ಬಿಡುತ್ತಾರೆ, ಜೊತೆಗೆ ಸಂಗೀತ, ಆದರೆ ಜಾತ್ರೆ. ಉಳಿದ ದಿನಗಳಲ್ಲಿ ಇವರು ಹಿಡಿದದ್ದು ಬುಧವಾರ. ಅಲ್ಲಿ ನಾನು ಬಾಯಿ ಹಾಕಿದೆ. ಅರಮನೆಯ ಆವರಣದಲ್ಲಿ ತ್ರಿಯಾನೋ ಅಂತ ಪುಟ್ಟ ಮಹಲುಗಳಿವೆ, ಅವು ಬಾಗಿಲು ತೆಗೆಯುವುದು ಮಧ್ಯಾಹ್ನ ಹನ್ನೆರಡಕ್ಕೆ. ಬುಧವಾರ ರಾಹುಕಾಲ ಶುರುವಾಗುವುದೂ ಹನ್ನೆರಡಕ್ಕೇ. ಎದುರುಮನೆಯಾಕೆ ಹೂ ಕಟ್ಟುತ್ತಾ ಕೂತಿದ್ದವಳು, ‘ಆಂಟಿ, ರಾಹುಕಾಲ ಅಲ್ಲಿ ಟೈಮಿಗೋ ನಮ್ ಟೈಮಿಗೋ?’ ಅಂದಳು. ಪ್ರಶ್ನೆ ಗಂಭೀರವಾದದ್ದು. ಬೇಸಿಗೆಯಲ್ಲಿ ಅವರಿಗೂ ನಮಗೂ ಮೂರೂವರೆ ಗಂಟೆ ವ್ಯತ್ಯಾಸ. ಇವರು ಶೀಟಿಗೆ ರಾಹುಕಾಲ ಅಂತ ಒಂದು ಕಾಲಂ ಸೇರಿಸಿ ಅದಕ್ಕೆ ಕೆಂಪು ಬಣ್ಣ ಬಳಿದರು.

ಆಮೇಲೆ ಸ್ಟೇಷನ್ ತಕರಾರು. ಆ ಊರಿಗೆ ವರ್ಸೇಲ್ಸ್ ಅನ್ನುವ ಹೆಸರಿನ ಸ್ಟೇಷನ್ನುಗಳೇ ಮೂರು: ಒಂದು ಎಡದಂಡೆಯದು, ಒಂದು ಬಲದಂಡೆಯದು, ಮತ್ತೊಂದು ಶಾಂತಿಯೇ ಅಂತ. ಮೂರಕ್ಕೂ ಪ್ಯಾರಿಸ್‌ನ ಬೇರೆ ಬೇರೆ ಕಡೆಯಿಂದ ರೈಲು. ಅರಮನೆಗೆ ಹತ್ತಿರದ್ದು ಎಡದಂಡೆಯದು, ಆರ್‌ಇಆರ್ ‘ಸಿ’ ಗಾಡಿ ಹಿಡಿಯಬೇಕು, ಇಳಿದು ಹತ್ತು ನಿಮಿಷ ನಡೆದರೆ ಗೇಟು. ಇವರು ಬೆವರಿದರು. ನನಗೇನೂ ಅನ್ನಿಸಲಿಲ್ಲ. ಕೆ.ಆರ್. ಪುರ, ಕೆ.ಆರ್. ಮಾರ್ಕೆಟ್, ಕೆ.ಆರ್. ಸರ್ಕಲ್, ಕೆ.ಆರ್. ರೋಡ್ ಅಂತ ಒಂದೇ ಊರಿನಲ್ಲಿ ಇಟ್ಟುಕೊಂಡು, ಊರಿಂದ ಬಂದ ನೆಂಟರನ್ನೆಲ್ಲ ಹುಡುಕಿ ಹುಡುಕಿ ಕರೆತಂದ ನಮಗೆ ಮೂರು ವರ್ಸೇಲ್ಸ್ ಯಾವ ಲೆಕ್ಕ?

ಇವರ ಬೆವರು ಆರಲಿ ಅಂತ ನಾನೇ ಒಂದು ಸಂಗತಿ ಹೇಳಿದೆ. ಅದೇ ತಪ್ಪಾಯಿತೇನೋ, ಆಮೇಲೆ ಅವರನ್ನು ಹಿಡಿಯುವವರೇ ಇಲ್ಲ. ಆ ಅರಮನೆ ಕಟ್ಟಿಸಿದ ಹದಿನಾಲ್ಕನೆಯ ಲೂಯಿಯೂ ಇವರ ಜಾತಿಯೇ. ಅಪ್ಪ ಬೇಟೆಗೆ ಅಂತ ಕಟ್ಟಿಸಿದ್ದ ಮನೆಯನ್ನು ಬೆಳೆಸಿ ಬೆಳೆಸಿ, 1682ರಲ್ಲಿ ಇಡೀ ಆಸ್ಥಾನವನ್ನೇ ಅಲ್ಲಿಗೆ ಸಾಗಿಸಿದ. ಅಷ್ಟಕ್ಕೆ ಬಿಡಲಿಲ್ಲ. ತೋಟ ನೋಡಲು ಬರುವವರು ಎಲ್ಲಿಂದ ಹೊರಡಬೇಕು, ಯಾವ ಮೆಟ್ಟಿಲ ಮೇಲೆ ನಿಲ್ಲಬೇಕು, ನಿಂತು ಯಾವ ಕಡೆ ನೋಡಬೇಕು, ಆಮೇಲೆ ಎಡಕ್ಕೆ ತಿರುಗಬೇಕೋ ಬಲಕ್ಕೋ ಅಂತ ಸ್ವತಃ ರಾಜನೇ ಪಟ್ಟಿ ಬರೆದ. ಮೊದಲನೆಯದು 1689ರಲ್ಲಿ, ತೃಪ್ತಿಯಾಗದೆ ವರ್ಷಗಳ ಕಾಲ ತಿದ್ದಿ ತಿದ್ದಿ ಮತ್ತೆ ಬರೆದ. ಯುದ್ಧ, ತೆರಿಗೆ, ಹಸಿವು ಎಲ್ಲ ಒಂದು ಕಡೆ, ಪ್ರವಾಸದ ಶೀಟು ಒಂದು ಕಡೆ! ‘ನೋಡಿದೆಯಾ?’ ಅಂದರು ಇವರು. ಅವತ್ತಿನಿಂದ ಫ್ರಾನ್ಸಿನ ದೊರೆ ಇವರ ಪಾಲಿಗೆ ಐಟಿಐಯಲ್ಲಿ ಪಕ್ಕದ ಟೇಬಲ್ಲಿನಲ್ಲಿ ಕೂತಿದ್ದ ಸಹೋದ್ಯೋಗಿ.

ಪಟ್ಟಿ ಹಾಗೇಕೆ ಬೇಕಾಗಿತ್ತು ಅಂದರೆ ನೀರಿನ ಕಾರಣಕ್ಕೂ ಸ್ವಲ್ಪ. ವರ್ಸೇಲ್ಸಿನಲ್ಲಿ ಕಾರಂಜಿಗಳು ರಾಶಿ, ನೀರು ಮಾತ್ರ ಇಲ್ಲ. ಸೇನ್ ನದಿಯಿಂದ ನೀರೆತ್ತಲು ಮಾರ್ಲಿ ಅನ್ನುವ ಕಡೆ 14 ಭಾರಿ ಚಕ್ರ, ಇನ್ನೂರಕ್ಕೂ ಮೇಲೆ ಪಂಪು ಕೂರಿಸಿ 1684ರಲ್ಲಿ ಒಂದು ಯಂತ್ರವನ್ನೇ ನಡೆಸಿದರು. ಅದರ ಕಿರುಚಾಟಕ್ಕೆ ಸುತ್ತಲಿನವರ ನಿದ್ದೆ ಹೋಯಿತೇ ಹೊರತು ಎಲ್ಲ ಕಾರಂಜಿಗೂ ಒಟ್ಟಿಗೆ ಸಾಲುವಷ್ಟು ನೀರು ಬರಲಿಲ್ಲ. ಅದಕ್ಕೇ ಒಂದು ಉಪಾಯ. ರಾಜ ಬರುತ್ತಿದ್ದಾನೆ ಅಂತ ಸೀಟಿ ಊದುವುದು, ಎದುರಿನ ಕಾರಂಜಿ ಚಿಮ್ಮುವುದು. ರಾಜ ತಿರುವಿನಲ್ಲಿ ಮರೆಯಾದ ಕೂಡಲೇ ಅದನ್ನು ನಿಲ್ಲಿಸಿ ಮುಂದಿನದಕ್ಕೆ ಬಿಡುವುದು. ಇದನ್ನು ಓದಿದಾಗ ನನಗೆ ನಮ್ಮ ಬೀದಿಯ ನೀರು ಬಿಡುವವನೇ ಕಣ್ಣಮುಂದೆ ಬಂದ. ಅವನೂ ಹಾಗೆಯೇ, ಟಿ ಆಕಾರದ ಕಬ್ಬಿಣದ ಕೀಲಿ ಹೆಗಲ ಮೇಲೆ ಹೊತ್ತು ಬಂದು, ಒಂದು ಅಡ್ಡರಸ್ತೆಗೆ ತಿರುವಿ, ಇನ್ನೊಂದು ಅಡ್ಡರಸ್ತೆಗೆ ಮುಚ್ಚಿ ಹೋಗುತ್ತಾನೆ. ವ್ಯತ್ಯಾಸ ಇಷ್ಟೇ: ಅಲ್ಲಿ ರಾಜ ಬಂದರೆ ನೀರು ಬರುತ್ತಿತ್ತು, ಇಲ್ಲಿ ನೀರು ಬಂದವನೇ ರಾಜ. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಕಾವೇರಿಯನ್ನು ಬೆಟ್ಟದಷ್ಟು ಎತ್ತರಕ್ಕೆ ಎತ್ತಿ ತರುವ ನಾವು ಲೂಯಿಯ ಮಾರ್ಲಿ ಯಂತ್ರಕ್ಕೆ ಬೆರಗಾಗಬೇಕಾದ್ದೇನಿಲ್ಲ. ನಮ್ಮ ತೊಂದರೆ ಬರೀ ಕಡೆಯ ಅಡ್ಡರಸ್ತೆಯದು.

ಶೀಟು ಪಕ್ಕಾ ಆದಮೇಲೆ ಇವರಿಗೆ ಇನ್ನೊಂದು ಹುಳ ಹೊಕ್ಕಿತು. ‘ಟ್ರಯಲ್ ರನ್ ಬೇಕು’ ಅಂದರು. ಕಾರ್ಖಾನೆಯಲ್ಲಿ ಟ್ರಯಲ್ ರನ್ ಇಲ್ಲದೆ ಲೈನು ಶುರುಮಾಡುವ ಪದ್ಧತಿಯೇ ಇರಲಿಲ್ಲವಂತೆ. ಹತ್ತಿರದ ಒಂದು ಅರಮನೆಗೆ ಅದೇ ಶೀಟಿನ ಪ್ರಕಾರ ಹೋಗಿ ಬರಬೇಕು, ಎಲ್ಲಿ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಗುರುತು ಹಾಕಿಕೊಳ್ಳಬೇಕು.

ಮೊದಲು ಮೈಸೂರು ಅಂದರು. ಆಸೆಯೇನೋ ನನಗೂ ಇತ್ತು. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ನಕ್ಷೆ ಹಾಕಿ, 1912ಕ್ಕೆ ಮುಗಿದ ಅಂಬಾವಿಲಾಸ. ಭಾನುವಾರ ಸಂಜೆ ಒಂದು ಲಕ್ಷಕ್ಕೆ ಹತ್ತಿರದಷ್ಟು ಬಲ್ಬು ಒಟ್ಟಿಗೆ ಹತ್ತಿಕೊಂಡಾಗ ಇಡೀ ಮೈದಾನ ‘ಓ’ ಅನ್ನುವುದು. ದಾರಿಯಲ್ಲಿ ಪಾಂಡವಪುರ ಬೇರೆ ಸಿಗುತ್ತೆ. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದ ಜಾಗ ಅಂತ ಇಂಗ್ಲಿಷರ ಕಾಲದಲ್ಲಿ ಅದಕ್ಕೆ ಫ್ರೆಂಚ್ ರಾಕ್ಸ್ ಅಂತಲೇ ಹೆಸರು. ಆದರೆ ಮೈಸೂರಿನಲ್ಲಿ ಒಳಗೆ ಹೋಗಬೇಕಾದರೆ ಚಪ್ಪಲಿ ಬಿಡಬೇಕು. ‘ಶೂ ಹಾಕ್ಕೊಂಡು ನಡೆಯೋ ವೇಗ ನೋಡ್ಬೇಕಾಗಿದೆ, ಇದು ಟೆಸ್ಟ್ ಕಂಡಿಷನ್‌ಗೆ ಹೊಂದಲ್ಲ’ ಅಂತ ಇವರೇ ಹೊಡೆದುಹಾಕಿದರು. ನಾನು ಬಾಯಿ ಬಿಟ್ಟು ಹೇಳಲಿಲ್ಲ, ಮೈಸೂರು ಸಿಲ್ಕಿನ ಅಂಗಡಿಯ ನೆನಪಾಗಿತ್ತು ಅವರಿಗೆ.

ಕಡೆಗೆ ಗೊತ್ತಾದದ್ದು ಕೆ.ಆರ್. ಮಾರ್ಕೆಟ್ಟಿನ ಪಕ್ಕದ ಟಿಪ್ಪುವಿನ ಬೇಸಿಗೆ ಅರಮನೆ. ಪಾಳ್ಯದಲ್ಲಿ ನೇರಳೆ ಗಾಡಿ ಹತ್ತುವುದು, ಮೆಜೆಸ್ಟಿಕ್‌ನಲ್ಲಿ ಇಳಿದು ಹಸಿರು ಗಾಡಿಗೆ ಬದಲಾಯಿಸುವುದು, ಮುಂದೆ ಮಾರ್ಕೆಟ್. ಪ್ಯಾರಿಸ್‌ನ ನಡುವಿನಿಂದ ವರ್ಸೇಲ್ಸಿಗೂ ಹೆಚ್ಚುಕಡಿಮೆ ಇಷ್ಟೇ ಹೊತ್ತು ಅನ್ನುವುದು ಇವರ ಪಾಲಿಗೆ ದೈವಸಂಕಲ್ಪ. ಹಾಲಿನವನು ಬರುವ ಮೊದಲೇ ಎಬ್ಬಿಸಿದರು. ಮೊಮ್ಮಗುವಿಗೆ ಅಂತ ತಂದಿಟ್ಟಿದ್ದ ಹೊಸ ಸ್ವೆಟರ್ ಒಂದು ಬಿಟ್ಟು, ಉಳಿದ ಉಣ್ಣೆಯೆಲ್ಲ ಇವರ ಮೈಮೇಲೆ. ಸಿಂಗಯ್ಯನಪಾಳ್ಯ ದಾಟುವ ಮೊದಲೇ ಮಫ್ಲರು ಇಳಿಯಿತು, ಇಂದಿರಾನಗರದಲ್ಲಿ ಸ್ವೆಟರು, ಹಲಸೂರಿನಲ್ಲಿ ಟೋಪಿ. ಮೆಜೆಸ್ಟಿಕ್‌ಗೆ ಬರುವಷ್ಟರಲ್ಲಿ ಎಲ್ಲ ನನ್ನ ಬ್ಯಾಗಿನಲ್ಲಿ. ಬ್ಯಾಗು ಹೊರುವವರು ಯಾರು ಅನ್ನುವ ಕಾಲಂ ಶೀಟಿನಲ್ಲಿ ಇರಲಿಲ್ಲ.

ಬಟ್ಟೆಯ ವಿಚಾರಕ್ಕೆ ಬಂದರೆ, ಹಳೆಯ ವರ್ಸೇಲ್ಸಿನಲ್ಲಿ ಯಾರು ಬೇಕಾದರೂ ಒಳಗೆ ಹೋಗಬಹುದಿತ್ತು, ಗಂಡಸಾದವನ ತಲೆ ಮೇಲೆ ಟೋಪಿ, ಸೊಂಟದಲ್ಲಿ ಕತ್ತಿ ಇದ್ದರೆ ಸಾಕು. ಇಲ್ಲದವರಿಗೆ ಗೇಟಿನಲ್ಲೇ ಬಾಡಿಗೆಗೆ ಸಿಗುತ್ತಿತ್ತು. ಇದನ್ನು ಕೇಳಿ ಇವರು ಬಾಡಿಗೆ ಎಷ್ಟು ಅಂತ ಕೇಳಿದರು.

ಟಿಪ್ಪುವಿನ ಅರಮನೆಗೆ ಶೀಟಿನಲ್ಲಿ ಮೂರು ಗಂಟೆ ಬರೆದಿದ್ದರು. ವರ್ಸೇಲ್ಸಿನಲ್ಲಿ 2300 ಕೋಣೆಯಂತೆ, ಅದಕ್ಕೆ ಒಂದು ದಿನ ಅಂದರೆ ಇದಕ್ಕೆ ಮೂರು ಗಂಟೆ ಅನ್ನುವುದು ತ್ರೈರಾಶಿ. ಒಳಗೆ ಹೋಗಿ ಮೇಲೆ ಕೆಳಗೆ ನೋಡಿ ಬಂದರೆ ಅರ್ಧ ಗಂಟೆಯೂ ಆಗಿಲ್ಲ! ಮುಂದೇನು ಅಂತ ತೋಚದೆ ಇವರು ಅದೇ ಕಂಬಗಳ ಸುತ್ತ ಮತ್ತೆ ಹೊರಟರು. ನಿಜ ಹೇಳಬೇಕೆಂದರೆ ಎಷ್ಟು ಸುತ್ತಿದರೂ ಬೇಸರವಾಗದ ಜಾಗ. ಹೈದರಾಲಿ 1781ರಲ್ಲಿ ಶುರುಮಾಡಿ, ಟಿಪ್ಪು 1791ಕ್ಕೆ ಮುಗಿಸಿದ್ದು. ಸಾಲುಗಂಬ, ಕಮಾನು, ಮೇಲಿನ ಉಪ್ಪರಿಗೆ, ಎಲ್ಲ ಮರ. ಹೊರಗೆ ಕಲಾಸಿಪಾಳ್ಯದ ಬಸ್ಸುಗಳು ಬಡಿದಾಡುತ್ತಿದ್ದರೂ ಒಳಗೆ ತಣ್ಣಗೆ. ಮುಗಿಸಿದ ವರ್ಷವೇ ಕಾರ್ನ್‌ವಾಲಿಸ್ ಬಂದು ಬೆಂಗಳೂರು ಕೋಟೆ ಹಿಡಿದ. ಗೃಹಪ್ರವೇಶಕ್ಕೆ ಕರೆಯದೆ ಬಂದ ನೆಂಟ. ಆಮೇಲೆ ಅಠಾರ ಕಚೇರಿ ಕಟ್ಟುವವರೆಗೂ ಬ್ರಿಟಿಷರ ಗುಮಾಸ್ತರು ಇಲ್ಲೇ ಕೂತು ಫೈಲು ಬರೆದರು. ಅಂದರೆ ಇದು ಯಜಮಾನರಂಥವರಿಗೆ ಪುಣ್ಯಕ್ಷೇತ್ರ.

ಆ ಕಂಬದ ಬುಡದಲ್ಲಿ ಕೂರಿಸಿ ಅವರಿಗೆ ನಾನು ಒಂದು ಪ್ರವಾಸದ ಕಥೆ ಹೇಳಿದೆ. ನಮ್ಮ ಸೀಮೆಯಿಂದ ವರ್ಸೇಲ್ಸಿಗೆ ಹೊರಟವರಲ್ಲಿ ಇವರೇನೂ ಮೊದಲಿನವರಲ್ಲ. 1787ರಲ್ಲಿ ಟಿಪ್ಪು ಸುಲ್ತಾನ ಮೂವರು ರಾಯಭಾರಿಗಳನ್ನು ಪಾಂಡಿಚೇರಿಯಿಂದ ಹಡಗು ಹತ್ತಿಸಿದ: ಮುಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮುಹಮ್ಮದ್ ಉಸ್ಮಾನ್ ಖಾನ್. ತೂಲೋನ್ ಬಂದರು ತಲುಪಿದ್ದು ಮುಂದಿನ ವರ್ಷ ಜೂನ್‌ನಲ್ಲಿ. ವರ್ಸೇಲ್ಸಿನಲ್ಲಿ ಹದಿನಾರನೆಯ ಲೂಯಿಯ ಎದುರು ನಿಂತದ್ದು 1788ರ ಆಗಸ್ಟ್ 10ಕ್ಕೆ. ಒಂದು ವರ್ಷಕ್ಕೂ ಮೇಲೆ ಪ್ರಯಾಣ, ಅರಮನೆಯ ದರ್ಶನ ಒಂದು ದಿನದ್ದು. ಇಂಗ್ಲಿಷರ ಮೇಲೆ ಯುದ್ಧಕ್ಕೆ ಸೈನ್ಯ ಕೊಡಿ ಅಂತ ಕೇಳಲು ಹೋಗಿದ್ದರು. ಲೂಯಿಯ ಕಥೆ ಏನೆಂದರೆ, ಖಜಾನೆಯಲ್ಲಿ ದುಡ್ಡೇ ಇಲ್ಲ. ಈ ನೆಂಟರು ಬರುವುದಕ್ಕೆ ಎರಡು ದಿನ ಮುಂಚೆಯಷ್ಟೇ, ಮುಂದಿನ ವರ್ಷ ಮಹಾಸಭೆ ಕರೆಯುತ್ತೇನೆ ಅಂತ ಒಪ್ಪಿಕೊಂಡಿದ್ದ. ಇವರು ಬಂದು ಹೋದ ವಾರದೊಳಗೆ ಸಾಲದ ಕಂತು ನಿಲ್ಲಿಸಿದ. ಆದರೂ ಸ್ವಾಗತಕ್ಕೆ ಹರ್ಕ್ಯುಲಿಸ್ ಸಭಾಂಗಣವೇ. ಸೈನ್ಯದ ಬದಲು ಸೆವ್ರ್ ಪಿಂಗಾಣಿ, ಕೆಲವು ಕುಶಲಕರ್ಮಿಗಳು, ಹೂವು ಹಣ್ಣಿನ ಬೀಜ ಕೊಟ್ಟು ಕಳಿಸಿದ.

ನನಗೆ ಇದರಲ್ಲಿ ಬಹಳ ಇಷ್ಟವಾಗುವುದು ಬೇರೆ. ಅರಮನೆ ನೋಡಲು ಹೋದವರನ್ನು ನೋಡಲು ಇಡೀ ಪ್ಯಾರಿಸ್ ನೆರೆಯಿತು. ಎಲಿಜಬೆತ್ ವಿಜೀ ಲೆಬ್ರಾಂ ಅಂತ ರಾಣಿಯ ಚಿತ್ರ ಬರೆಯುತ್ತಿದ್ದವಳು ಇವರನ್ನು ನೋಡಿ, ಬರೆದರೆ ಇವರ ಚಿತ್ರ ಬರೆಯಬೇಕು ಅಂತ ಹಟ ಹಿಡಿದಳು. ಒಪ್ಪಲಿಲ್ಲ. ರಾಜನಿಂದಲೇ ಹೇಳಿಸಿದಳು. ಅವಳಿಗೆ ಊಟಕ್ಕೂ ಕರೆ ಬಂತು. ನೆಲದ ಮೇಲೆ ಕೂರಿಸಿ ಕೈಯಾರೆ ಬಡಿಸಿದರು. ಆದರೆ ಮುಗಿದ ಪಟವನ್ನು ದರ್ವೇಶ್ ಖಾನ್ ಕೊಡಲೊಲ್ಲ, ಇದಕ್ಕಿನ್ನೂ ಜೀವ ಬರಬೇಕು ಅಂತ ಹೇಳಿ ಮಂಚದ ಹಿಂದೆ ಬಚ್ಚಿಟ್ಟುಕೊಂಡನಂತೆ. ಅವಳು ಹೇಗೋ ಉಪಾಯ ಮಾಡಿ ತರಿಸಿಕೊಂಡಳು. ಕತ್ತಿ ಹಿಡಿದು ನಿಂತ ಆ ಪಟ 2019ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 70 ಲಕ್ಷ ಡಾಲರಿಗೂ ಮೇಲೆ ಹೋಯಿತು. ‘ಕೇಳಿದ್ರಾ? ಶ್ರೀರಂಗಪಟ್ಟಣದಿಂದ ಹೋದವರನ್ನ ಅಲ್ಲಿ ಎಷ್ಟು ಚೆನ್ನಾಗಿ ನೋಡಿಕೊಂಡರು’ ಅಂದೆ. ಇವರು ಬಹಳ ಹೊತ್ತು ಯೋಚನೆ ಮಾಡಿ, ‘ಊಟಕ್ಕೆ ಎಷ್ಟು ಹೊತ್ತು ಹಿಡೀತಂತೆ?’ ಅಂದರು.

ಊಟವೇ ಶೀಟಿನ ದೊಡ್ಡ ಸಮಸ್ಯೆ. ಪುಳಿಯೋಗರೆ ಕಟ್ಟಿಕೊಂಡು ಹೋಗುವುದು ಅಂತ ನಾನು ಮೊದಲ ದಿನವೇ ಹೇಳಿದ್ದೆ. ಆ ತೋಟದಲ್ಲಿ ಕೂತು ಬುತ್ತಿ ಬಿಚ್ಚುವ ಹಾಗಿಲ್ಲವಂತೆ. ಆಚೆಯ ಹುಲ್ಲುಗಾವಲಿನ ಕಡೆ, ಇಲ್ಲವೇ ಸ್ವಿಸ್ ಕೆರೆಯ ದಂಡೆಗೆ ಹೋಗಬೇಕಂತೆ. ಮಜಾ ನೋಡಿ. ಹಿಂದೆ ಅದೇ ಅರಮನೆಯಲ್ಲಿ ರಾಜ ಎಲ್ಲರೆದುರು ಕೂತು ಉಣ್ಣುತ್ತಿದ್ದ, ಜನ ಸಾಲಾಗಿ ನಿಂತು ಅದನ್ನು ನೋಡಿ ಹೋಗುತ್ತಿದ್ದರು. ಈಗ ಜನ ಉಂಡರೆ ನೋಡುವವರು ಬೇಡವೇ? ಚಮಚದಲ್ಲಿ ತಿಂದರೆ ಯಾರೂ ಏನೂ ಅನ್ನಲ್ಲ ಅಂತ ಅಳಿಯಂದಿರ ಸಲಹೆ. ಪುಳಿಯೋಗರೆಯನ್ನು ಚಮಚದಲ್ಲಿ ತಿನ್ನುವವರಿಗೆ ನಾನು ಮಗಳನ್ನು ಕೊಟ್ಟಿದ್ದೇನೆ ಅಂತ ಅವತ್ತೇ ಗೊತ್ತಾದದ್ದು.

ಟ್ರಯಲ್ ರನ್ನಿನ ಊಟ ಮಾರ್ಕೆಟ್ಟಿನ ದರ್ಶಿನಿಯಲ್ಲಿ ನಿಂತುಕೊಂಡೇ ಆಯಿತು. ಆಮೇಲೆ ನಾನು ಸುಮ್ಮನೆ ಹೂವಿನ ಸಾಲಿಗೆ ನುಗ್ಗಿದೆ. ಶೀಟಿನಲ್ಲಿ ಇರಲಿಲ್ಲ. ಕನಕಾಂಬರದ ಕುಕ್ಕೆ, ಸುಗಂಧರಾಜದ ರಾಶಿ, ಕೂಗು, ಕೆಸರು, ಮೊಳ ಅಳೆಯುವಾಗ ಮೊಣಕೈ ಒಳಗೆಳೆದುಕೊಳ್ಳುವ ಹೆಂಗಸರು, ಅವರ ಜೊತೆ ನನ್ನ ಜಗಳ. ಅರಮನೆಗೆ ಹಿಡಿದದ್ದಕ್ಕಿಂತ ಎರಡರಷ್ಟು ಹೊತ್ತು ಹೂವಿಗೆ ಹಿಡಿಯಿತು. ಇವರು ಪಕ್ಕದಲ್ಲಿ ಗಡಿಯಾರ ನೋಡುತ್ತಾ, ಬುಟ್ಟಿ ಹೊತ್ತವರಿಂದ ತಳ್ಳಿಸಿಕೊಳ್ಳುತ್ತಾ ನಿಂತಿದ್ದರು. ಮನೆಗೆ ಬಂದು ಶೀಟಿನಲ್ಲಿ ಬರೆದುಕೊಂಡರು: ‘ಅರಮನೆಯ ಹತ್ತಿರ ಮಾರ್ಕೆಟ್ ಇದೆಯೋ ವಿಚಾರಿಸುವುದು. ಇದ್ದರೆ ಆ ದಾರಿ ಬೇಡ.’

ನಾನು ಆ ಶೀಟನ್ನು ಪೂರ್ತಿ ಓದಿದ್ದು ಆ ರಾತ್ರಿಯೇ. ಕನ್ನಡಿ ಸಭಾಂಗಣಕ್ಕೆ 15 ನಿಮಿಷ ಅಂತಿತ್ತು. 73 ಮೀಟರ್ ಉದ್ದ, 357 ಕನ್ನಡಿ. ಲೆಕ್ಕ ಹಾಕಿದೆ. ಒಂದು ಕನ್ನಡಿಗೆ ಎರಡೂವರೆ ಸೆಕೆಂಡು. ‘ರೀ, ಜಡೆಯಲ್ಲಿ ಹೂವು ನೆಟ್ಟಗಿದೆಯಾ ನೋಡ್ಕೊಳ್ಳೋಕೂ ಸಾಲಲ್ಲ’ ಅಂದೆ. ‘ಹೂವು ಯಾಕೆ ಮುಡಿತೀಯ ಅಲ್ಲಿ?’ ಅಂದರು. ಮತ್ತೆ ಯಾಕೆ ಹೋಗುವುದು ಕನ್ನಡಿ ಸಭಾಂಗಣಕ್ಕೆ? ಒಪ್ಪಂದಕ್ಕೆ ಸಹಿ ಹಾಕೋಕಾ? ದೊಡ್ಡ ಮಾತುಕತೆ ನಡೆದು ಅರ್ಧ ಗಂಟೆಗೆ ಇತ್ಯರ್ಥವಾಯಿತು. ಅದರ ಬದಲಿಗೆ ನಾನು ಬಿಟ್ಟುಕೊಟ್ಟದ್ದು ರಾಣಿಯ ಮಲಗುವ ಕೋಣೆಯ ಹತ್ತು ನಿಮಿಷ, ಅಂಗಡಿಯ ಐದು ನಿಮಿಷ. ಜರ್ಮನಿಗೂ ಇಷ್ಟು ಕಠಿಣ ಷರತ್ತು ಇರಲಿಲ್ಲ ಅಂತ ನನ್ನ ವಾದ. ಸೀರೆಯ ಕೆಳಗೆ ಕ್ಯಾನ್ವಾಸ್ ಶೂ ಹಾಕುವುದಕ್ಕೂ ಒಪ್ಪಿದ್ದೇನೆ. ಅದು ಯುದ್ಧ ಪರಿಹಾರದ ಬಾಬತ್ತು.

ಎಲ್ಲ ಒಂದು ಹದಕ್ಕೆ ಬಂತು ಅನ್ನುವಾಗ ಮೊನ್ನೆ ಮಗಳು ಇನ್ನೊಂದು ಬಾಂಬು ಹಾಕಿದಳು. ‘ಅಪ್ಪಾ, ನೀವು ಹೇಳಿದ ವಾರ ರೈಲು ಮುಷ್ಕರ ಆದ್ರೂ ಆಗಬಹುದು. ಇಲ್ಲಿ ಅದು ಮಾಮೂಲು.’ ಇವರ ಮುಖ ನೋಡಲಾಗಲಿಲ್ಲ. ಮುಷ್ಕರ ಕಾರ್ಖಾನೆಯಲ್ಲೂ ಕಂಡವರೇ, ಆದರೆ ಅದಕ್ಕೆ ಯೂನಿಯನ್‌ನವರು ಮುಂಚೆ ನೋಟೀಸು ಕೊಡುತ್ತಿದ್ದರು. ‘ಇಡೀ ಪ್ಲಾನು ಹೋಯ್ತಲ್ಲೇ’ ಅಂತ ಲ್ಯಾಪ್‌ಟಾಪ್ ಮುಚ್ಚಿ ಕೂತರು.

‘ಹೋದರೆ ಹೋಗಲಿ, ನಡ್ಕೊಂಡು ಹೋಗೋಣ’ ಅಂದೆ.

‘ಇಪ್ಪತ್ತು ಕಿಲೋಮೀಟರು!’

‘ಹೋಗಿದ್ದಾರೆ, ಹೆಂಗಸರು’ ಅಂದೆ. 1789ರ ಅಕ್ಟೋಬರ್ 5. ಪ್ಯಾರಿಸ್‌ನಲ್ಲಿ ರೊಟ್ಟಿ ಸಿಗುತ್ತಿಲ್ಲ. ಮಾರ್ಕೆಟ್ಟಿನಲ್ಲಿ ಮೀನು ಮಾರುವವರು, ತರಕಾರಿ ಮಾರುವವರು, ಬಟ್ಟೆ ಒಗೆಯುವವರು ಒಟ್ಟು ಸೇರಿ, ರಾಜನನ್ನೇ ಕೇಳೋಣ ನಡೀರಿ ಅಂತ ಹೊರಟುಬಿಟ್ಟರು. ಸಾವಿರಾರು ಹೆಂಗಸರು. ಶೀಟಿಲ್ಲ, ಬುತ್ತಿಯಿಲ್ಲ, ಬುಕಿಂಗ್ ಇಲ್ಲ. ಮಳೆ ಬೇರೆ. ಕೈಗೆ ಸಿಕ್ಕ ದೊಣ್ಣೆ, ಕತ್ತಿ, ಎಲ್ಲಿಂದಲೋ ಎಳೆದು ತಂದ ಫಿರಂಗಿ. ಆರು ಗಂಟೆ ಕೆಸರಿನಲ್ಲಿ ನಡೆದು ವರ್ಸೇಲ್ಸ್ ಮುಟ್ಟಿದರು. ಇವರು ಹೊರಟ ಸುದ್ದಿ ಬಂದಾಗ ರಾಜ ಬೇಟೆಗೆ ಹೋಗಿದ್ದ, ಓಡಿ ಹೋಗಿ ಕರೆತರಬೇಕಾಯಿತು. ರಾತ್ರಿ ಅಲ್ಲೇ ಕಳೆದು, ಬೆಳಗಿನ ಜಾವ ಅರಮನೆಯ ಒಳಗೇ ನುಗ್ಗಿ, ಮಧ್ಯಾಹ್ನದ ಹೊತ್ತಿಗೆ ರಾಜ, ರಾಣಿ, ಮಕ್ಕಳು ಎಲ್ಲರನ್ನೂ ಗಾಡಿಯಲ್ಲಿ ಕೂರಿಸಿಕೊಂಡು ಪ್ಯಾರಿಸ್‌ಗೆ ಹೊರಟರು. ಆ ದೊರೆ ಮತ್ತೆ ಆ ಅರಮನೆಗೆ ಕಾಲಿಡಲಿಲ್ಲ. ‘ಅವತ್ತು ಯಾವ ವಾರ ಗೊತ್ತಾ? ಸೋಮವಾರ!’

ಇವರು ಲ್ಯಾಪ್‌ಟಾಪ್ ಮತ್ತೆ ತೆಗೆದರು. ಕನ್ನಡಕ ಏರಿಸಿಕೊಂಡರು. ‘ಸೋಮವಾರ ರಜಾ ಅಂತ ಮಗಳು ಹೇಳಿದ್ದಳಲ್ಲ?’ ಅಂದರು.